ಮದೀನೆಯ ಪಶ್ಚಾತ್ತಾಪದ ಕಂಬ



ರಂಜಾನ್ ಅಂದಕೂಡಲೇ ಮಹಾನಗರವಾಸಿಗಳಾದ ನಮಗೆ ನೆನಪಾಗುವುದು ಮುಂಬಯಿಯ ಮೊಹಮ್ಮದ್ ಅಲಿ ರಸ್ತೆಯ ದೀಪಗಳು, ಹೈದರಾಬಾದಿನ ಹಲೀಮ್. ಆದರೆ ಆ ತಿಂಗಳ ಕೊನೆಯ ಹತ್ತು ದಿನ ಕೆಲವರು ಮನೆ, ವ್ಯಾಪಾರ ಎಲ್ಲ ಬಿಟ್ಟು ಮಸೀದಿಯಲ್ಲೇ ಉಳಿದುಬಿಡುತ್ತಾರೆ. ಇದಕ್ಕೆ 'ಇತಿಕಾಫ್' ಎಂದು ಹೆಸರು. ಅಲ್ಲಿ ಕೂತು ಅವರು ಬೇಡುವುದೇನು ಗೊತ್ತೇ? ಮುಖ್ಯವಾಗಿ, ಕ್ಷಮೆ. ಆ ಕ್ಷಮೆಯ ಕಥೆ ಕೇಳಲು ಮದೀನೆಯ ಒಂದು ಕಂಬದ ಬಳಿಗೆ ಹೋಗೋಣ ಬನ್ನಿ.

ಅದು ಕ್ರಿ.ಶ. 627. ಪ್ರವಾದಿ ಮುಹಮ್ಮದರ ಮಸೀದಿಗೆ ಆಗ ಖರ್ಜೂರದ ದಿಮ್ಮಿಗಳೇ ಕಂಬ, ಗರಿಗಳೇ ಮಾಡು. ಬನೂ ಕುರೈಝಾ ಎಂಬ ಯೆಹೂದಿ ಬುಡಕಟ್ಟಿನ ಕೋಟೆಗಳಿಗೆ ಮುಸ್ಲಿಮರು ಮುತ್ತಿಗೆ ಹಾಕಿದ್ದರು. ಒಳಗಿದ್ದವರು ತಮ್ಮ ಹಳೆಯ ಮಿತ್ರ ಅಬೂ ಲುಬಾಬಾರನ್ನು ಸಲಹೆಗೆಂದು ಕರೆಸಿಕೊಂಡರು. ಹೆಂಗಸರು, ಮಕ್ಕಳು ಅಳುತ್ತಾ ಸುತ್ತುವರಿದರು. ಶರಣಾಗೋಣವೇ ಎಂಬ ಪ್ರಶ್ನೆಗೆ ಅವರು ಬಾಯಲ್ಲಿ ಹೌದೆಂದರು, ಕೈಯನ್ನು ಮಾತ್ರ ಗಂಟಲಿನತ್ತ ತೋರಿಸಿದರು. ಶರಣಾದರೆ ಸಾವು ಎಂಬ ಸನ್ನೆ! ಮುಂದೆ ಆ ಬುಡಕಟ್ಟಿನ ಗಂಡಸರಿಗೆ ಆದದ್ದೂ ಮರಣದಂಡನೆಯೇ.

ನಿಂತ ಜಾಗದಿಂದ ಕದಲುವ ಮೊದಲೇ ಅಬೂ ಲುಬಾಬಾಗೆ ಅರಿವಾಯಿತು: ತನ್ನನ್ನು ನಂಬಿ ಕಳಿಸಿದವರಿಗೆ ದ್ರೋಹವಾಗಿದೆ. ಆ ಸನ್ನೆಯನ್ನು ತನ್ನ ಕಡೆಯವರು ಯಾರೂ ಕಂಡಿರಲಿಲ್ಲ, ಮುಚ್ಚಿಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನೇರ ಮಸೀದಿಗೆ ಹೋಗಿ ತಮ್ಮನ್ನು ತಾವೇ ಕಂಬಕ್ಕೆ ಕಟ್ಟಿಕೊಂಡರು. ದೇವರು ಕ್ಷಮಿಸುವ ತನಕ ಬಿಡಿಸಿಕೊಳ್ಳುವುದಿಲ್ಲ ಎಂದರು. ಸುದ್ದಿ ಕೇಳಿದ ಪ್ರವಾದಿಗಳು, ನನ್ನ ಬಳಿಗೇ ಬಂದಿದ್ದರೆ ಅವರ ಪರವಾಗಿ ಬೇಡುತ್ತಿದ್ದೆ, ಈಗ ದೇವರೇ ತೀರ್ಮಾನಿಸಬೇಕು ಎಂದರಂತೆ. ಹಳೆಯ ಚರಿತ್ರೆಗಳ ಪ್ರಕಾರ ಆರು ರಾತ್ರಿ ಕಳೆದವು. ನಮಾಝಿನ ಹೊತ್ತಿಗೆ ಹೆಂಡತಿ ಬಂದು ಬಿಚ್ಚುವಳು, ಮುಗಿದ ಮೇಲೆ ಮತ್ತೆ ಕಟ್ಟು.

ಕೊನೆಗೊಂದು ನಸುಕಿನಲ್ಲಿ ಕ್ಷಮೆಯ ಸಂದೇಶ ಬಂತು. ಪ್ರವಾದಿಪತ್ನಿ ಉಮ್ಮು ಸಲಮಾ ಬಾಗಿಲಲ್ಲೇ ನಿಂತು ಕೂಗಿ ಹೇಳಿದರು. ಜನ ಬಿಡಿಸಲು ಓಡಿದರು. ಅಬೂ ಲುಬಾಬಾ ಒಪ್ಪಲಿಲ್ಲ. ಬೆಳಗಿನ ಪ್ರಾರ್ಥನೆಗೆ ಬಂದ ಪ್ರವಾದಿಗಳೇ ಕೈಯಾರೆ ಹಗ್ಗ ಬಿಚ್ಚಿದರು.

ಇದು ನಡೆದದ್ದು ರಂಜಾನಿನಲ್ಲಲ್ಲ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ರಂಜಾನಿನ ಇತಿಕಾಫ್‌ಗೆ ಕೂರುವಾಗ ಪ್ರವಾದಿಗಳ ಹಾಸಿಗೆಯನ್ನು ಇದೇ ಕಂಬದ ಬಳಿ ಹಾಕುತ್ತಿದ್ದರೆಂದು ಹದೀಸ್ ಸಂಗ್ರಹದಲ್ಲಿದೆ. ಒಬ್ಬ ಮನುಷ್ಯ ತಪ್ಪೊಪ್ಪಿಕೊಂಡು ನಿಂತ ಜಾಗವೇ ರಂಜಾನಿನ ಪ್ರಾರ್ಥನೆಯ ಜಾಗವೂ ಆಯಿತು! ಇಂದು ಅಲ್ಲಿರುವುದು ದಿಮ್ಮಿಯಲ್ಲ, ಅಲಂಕೃತ ಕಂಬ. ಹೆಸರು ಮಾತ್ರ ಅದೇ: ತೌಬಾದ ಕಂಬ. 'ತೌಬಾ' ಎಂದರೆ ಮರಳುವುದು.

ಆ ಕೊನೆಯ ಹತ್ತು ರಾತ್ರಿಗಳಲ್ಲೇ ಲೈಲತುಲ್ ಕದ್ರ್ ಬರುತ್ತದೆಂಬ ನಂಬಿಕೆ. ಅಂದು ಏನು ಬೇಡಲಿ ಎಂದು ಕೇಳಿದ ಆಯಿಷಾರಿಗೆ ಪ್ರವಾದಿಗಳು ಕಲಿಸಿದ್ದು ಒಂದೇ ಸಾಲಿನ ಬೇಡಿಕೆ. ಸಂಪತ್ತಿಲ್ಲ, ಆಯುಸ್ಸಿಲ್ಲ, ಬರೀ ಕ್ಷಮೆ. ಅದರಲ್ಲಿರುವ ಪದ 'ಅಫ್ವ್', ಅಂದರೆ ಗುರುತೂ ಉಳಿಯದಂತೆ ಅಳಿಸುವುದು. ನಾವು ಕನ್ನಡದಲ್ಲಿ 'ತೆರಿಗೆ ಮಾಫಿ' ಎನ್ನುತ್ತೇವಲ್ಲ, ಆ ಮಾಫಿಯೂ ಇದೇ ಬೇರಿನದು!

ಆದರೆ ಎಲ್ಲವೂ ಹಾಗೆ ಮಾಫಿಯಾಗುವುದಿಲ್ಲ. 13ನೇ ಶತಮಾನದ ವಿದ್ವಾಂಸ ಇಮಾಮ್ ನವವಿ ತೌಬಾಕ್ಕೆ ಷರತ್ತುಗಳನ್ನು ಪಟ್ಟಿಮಾಡಿದ್ದಾರೆ: ತಪ್ಪು ಬಿಡಬೇಕು, ಮನಸಾರೆ ನೋಯಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ತಪ್ಪು ಇನ್ನೊಬ್ಬ ಮನುಷ್ಯನದ್ದಾದರೆ ನಾಲ್ಕನೆಯದೂ ಉಂಟು: ಅವನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು. ತಿಂಗಳಿಡೀ ಉಪವಾಸವಿದ್ದರೂ ನೆರೆಯವನ ಬಾಕಿ ತೀರದು.

ಮುಂದಿನ ರಂಜಾನಿನಲ್ಲಿ ಗೆಳೆಯರ ಮನೆಯ ಇಫ್ತಾರಿಗೆ ಹೋದಾಗ ಖರ್ಜೂರದ ಜೊತೆ ಈ ಖರ್ಜೂರದ ಕಂಬವನ್ನೂ ನೆನಪಿಸಿಕೊಳ್ಳಿ. ಬಾನುಲಿಯಲ್ಲಿ ಮತ್ತೆ ಭೇಟಿಯಾಗೋಣ.