ಗೂಡು, ಬೀಡಿ, ಲೆಕ್ಕದ ಪುಸ್ತಕ: ಮುಸ್ಲಿಂ ದುಡಿಮೆಗಾರರ ವಿರುದ್ಧದ ತಾರತಮ್ಯ ಮತ್ತು ಕಾರ್ಮಿಕ ಸಂಘಗಳು

ಯಳಂದೂರು ಮತ್ತು ಕೊಳ್ಳೇಗಾಲ ಇಂದು ಒಂದೇ ಜಿಲ್ಲೆಯ ನೆರೆಹೊರೆಯ ಊರುಗಳಾದರೂ, 1956ರ ನವೆಂಬರ್ 1ರವರೆಗೆ ಇಲ್ಲಿನ ದುಡಿಮೆಗಾರರು ಎರಡು ಬೇರೆ ಆಡಳಿತಗಳ ಅಡಿಯಲ್ಲಿದ್ದರು. ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದರಿಂದ 1926ರ ಕಾರ್ಮಿಕ ಸಂಘಗಳ ಕಾಯಿದೆ ಅಲ್ಲಿ ಜಾರಿಯಲ್ಲಿತ್ತು. ಅದರಂತೆ ಏಳು ಮಂದಿ ಕೂಡಿ ಅರ್ಜಿ ಹಾಕಿದರೆ ಸಂಘವೊಂದನ್ನು ನೋಂದಾಯಿಸಬಹುದಾಗಿತ್ತು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಯಳಂದೂರು ಮೈಸೂರು ಸಂಸ್ಥಾನದೊಳಗಿದ್ದು, ಅಲ್ಲಿ ಸಂಘಗಳಿಗೆ ಕಾನೂನಿನ ಮಾನ್ಯತೆ ಬಂದದ್ದು 1940ರ ದಶಕದ ಆರಂಭದಲ್ಲಿ. ಆದರೆ ಈ ಎರಡೂ ಕಾನೂನುಗಳು ಕಾರ್ಖಾನೆಯ ಕೆಲಸಗಾರನನ್ನೇ ಮನಸ್ಸಿನಲ್ಲಿಟ್ಟುಕೊಂಡವು. ಮನೆಯ ಜಗುಲಿಯಲ್ಲಿ, ಹಿತ್ತಿಲಿನಲ್ಲಿ, ಸಂತೆಯಲ್ಲಿ ದುಡಿಯುವ ಮುಸ್ಲಿಮರನ್ನು ಅವು ಹೆಚ್ಚಾಗಿ ತಲುಪಲಿಲ್ಲ. ಮುಸ್ಲಿಂ ದುಡಿಮೆಗಾರರಲ್ಲಿ ಸುಮಾರು ಶೇ. 61ರಷ್ಟು ಮಂದಿ ಸ್ವಯಂ ಉದ್ಯೋಗಿಗಳೆಂದೂ ಹಿಂದೂಗಳಲ್ಲಿ ಈ ಪ್ರಮಾಣ ಶೇ. 55 ಎಂದೂ 2006ರ ಸಾಚಾರ್ ಸಮಿತಿ ವರದಿ ತೋರಿಸಿತು.

ಕೊಳ್ಳೇಗಾಲಕ್ಕೆ ಹೆಸರು ತಂದ ರೇಷ್ಮೆಯಲ್ಲಿ ಈ ಸಮಸ್ಯೆ ಕಣ್ಣಿಗೆ ಕಾಣುವಂತಿದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ಕೆಲಸಕ್ಕೆ ನೂಲು ಬಿಚ್ಚಾಣಿಕೆ ಎನ್ನುತ್ತಾರೆ. ಹಳೇ ಮೈಸೂರು ಭಾಗದಲ್ಲಿ ಈ ಕಸುಬನ್ನು ಹಿಡಿದವರಲ್ಲಿ ಮುಸ್ಲಿಮರು ಬಹಳ ಮಂದಿ. ಸಣ್ಣ ರೀಲರ್ ಲೈಸೆನ್ಸಿನಲ್ಲಿ ಮಾಲೀಕನಾಗಿದ್ದರೂ, ಸುಡುವ ನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕುವ ಹೊತ್ತಿನಲ್ಲಿ ಅವನೂ ಕೂಲಿಯೇ. ಸರ್ಕಾರಿ ಗೂಡಿನ ಮಾರುಕಟ್ಟೆಯ ಹರಾಜಿನಲ್ಲಿ ಹೆಚ್ಚು ಬೆಲೆ ಕೊಟ್ಟವನಿಗೆ ಗೂಡು ಸಿಗುವುದರಿಂದ ಅಲ್ಲಿ ಹೆಸರು ಕೇಳಿ ದೂರ ಇಡುವುದು ಸುಲಭವಲ್ಲ. ನೆರವಿಲ್ಲದವರು ರೀಲರನ ಕೈಕೆಳಗೆ ಮುಂಗಡ ಪಡೆದು ದುಡಿಯುವವರು. ಕರ್ನಾಟಕದ ರೇಷ್ಮೆ ಕಸುಬಿನಲ್ಲಿ ಜೀತಕ್ಕೆ ಬಿದ್ದ ಮಕ್ಕಳಲ್ಲಿ ದಲಿತರು ಮತ್ತು ಮುಸ್ಲಿಮರೇ ಹೆಚ್ಚೆಂದು ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿತು. ಮಾಲೀಕನೂ ಕೂಲಿಯೂ ಒಂದೇ ಸೂರಿನಡಿ, ಕೆಲವೊಮ್ಮೆ ಒಂದೇ ಬಂಧುಬಳಗದಲ್ಲಿ ಇರುವಲ್ಲಿ ಸಂಘ ಬೇರೂರುವುದು ಕಷ್ಟ.

ಬೀಡಿಯ ಚರಿತ್ರೆ ಬೇರೆ ದಾರಿ ಹಿಡಿಯಿತು. ಮೈಸೂರಿನಿಂದ ಕರಾವಳಿಯವರೆಗೆ ಮುಸ್ಲಿಂ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬೀಡಿ ಕಟ್ಟಿದರು. ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಕೂರುವ ಅವರ ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿಯಾಗುತ್ತಿತ್ತು. ಸರಿಯಾಗಿ ಕಟ್ಟಿಲ್ಲವೆಂದು ಗುತ್ತಿಗೆದಾರ ಎಷ್ಟು ಬೀಡಿ ತಳ್ಳಿದರೂ ಕೇಳುವವರಿರಲಿಲ್ಲ, ಮತ್ತು ತಾರತಮ್ಯಕ್ಕೆ ಇದಕ್ಕಿಂತ ಅನುಕೂಲವಾದ ಮರೆ ಇನ್ನೊಂದಿಲ್ಲ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿ, ಕಚ್ಚಾಮಾಲು ಕೊಡುವುದರ ಮತ್ತು ಬೀಡಿ ತಳ್ಳುವುದರ ತಕರಾರುಗಳನ್ನು ತ್ವರಿತವಾಗಿ ಇತ್ಯರ್ಥಗೊಳಿಸಲು ಅಧಿಕಾರಿಯೊಬ್ಬರಿರಬೇಕೆಂದಿತು. ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಸಂಸ್ಥೆಯೂ ಸೇರಿದಂತೆ ಉದ್ಯಮಿಗಳು ಇದನ್ನು ಪ್ರಶ್ನಿಸಿದರೂ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. ಕಾಯಿದೆಗೆ ಜೀವ ಬಂದದ್ದು ಸಂಘಗಳಿಂದ: ಎಲೆಯ ತೂಕ, ಹೊಗೆಸೊಪ್ಪಿನ ತೂಕ, ಒಪ್ಪಿಸಿದ ಬೀಡಿ, ತಳ್ಳಿದ ಬೀಡಿ ಎಲ್ಲವೂ ಪುಸ್ತಕದಲ್ಲಿ ದಾಖಲಾಗಬೇಕೆಂದು ಹಠ ಹಿಡಿದಾಗ, ಫಾತಿಮಾಳ ಪುಟವನ್ನು ಲಕ್ಷ್ಮಿಯ ಪುಟದ ಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾಯಿತು. ಹಾಗೆ ಹೋಲಿಸಿ ನೋಡಲು ಬಾರದ ಕಡೆ ತಾರತಮ್ಯದ ದೂರು ಬರೀ ದೂರಾಗಿಯೇ ಉಳಿಯುತ್ತದೆ.

ಸಂವಿಧಾನದ 16ನೆಯ ವಿಧಿ ಸರ್ಕಾರಿ ನೌಕರಿಗಳಿಗೆ ಸಂಬಂಧಿಸಿದ್ದು, ಖಾಸಗಿ ಕೆಲಸದಾತನನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಉದ್ಯೋಗದಲ್ಲಿ ಧರ್ಮದ ಆಧಾರದ ಭೇದವನ್ನು ನಿಷೇಧಿಸುವ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 111ನೆಯ ಒಡಂಬಡಿಕೆಯನ್ನು ಭಾರತ 1960ರಲ್ಲಿಯೇ ಒಪ್ಪಿತ್ತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1982ರಲ್ಲಿ ತಂದ ತಿದ್ದುಪಡಿಯು ಅರ್ಹತೆ ನೋಡದೆ ಒಂದು ಗುಂಪಿನ ಕಾರ್ಮಿಕರಿಗೆ ಪಕ್ಷಪಾತ ತೋರುವುದನ್ನು ಅನ್ಯಾಯದ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಸೇರಿಸಿತು. ಧರ್ಮದ ಹೆಸರೆತ್ತದ ಈ ಮಾತನ್ನು ಮುಸ್ಲಿಂ ಕಾರ್ಮಿಕರ ಪರವಾಗಿ ಬಳಸಬಹುದಾಗಿದ್ದರೂ, ಸಂಘಗಳು ಕೂಲಿಯ ಪ್ರಶ್ನೆಗೆ ಕೊಟ್ಟಷ್ಟು ಗಮನವನ್ನು ಇದಕ್ಕೆ ಕೊಡಲಿಲ್ಲವೆಂಬುದನ್ನು ಒಪ್ಪಲೇಬೇಕು.

2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಮಳಿಗೆ ನಿರಾಕರಿಸಿದಾಗ ಈ ಕೊರತೆ ಬಯಲಾಯಿತು. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಚಿಕ್ಕಲ್ಲೂರುಗಳ ಜಾತ್ರೆಗಳಿರುವ ಈ ಸೀಮೆಗೂ ಅದು ದೂರದ ಸಂಗತಿಯಲ್ಲ. ಪಟ್ಟಣದ ಬೀದಿಗಳ ಮಟ್ಟಿಗೆ 2014ರ ಬೀದಿ ವ್ಯಾಪಾರಿಗಳ ಕಾಯಿದೆ ಒಂದು ಆಸರೆ ಒದಗಿಸಿದೆ. ಅದರ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಾಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು, ಅಲ್ಪಸಂಖ್ಯಾತರಿಗೆ ಸೂಕ್ತ ಪ್ರಾತಿನಿಧ್ಯ ಸಿಗಬೇಕು. ಆ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ತಳ್ಳುಗಾಡಿಯವರ ಹೆಸರು ಬರೆಸುವುದು ಸಂಘಗಳು ಮಾಡಬಹುದಾದ ಮೊದಲ ಕೆಲಸ.