ಒಂಬತ್ತಕ್ಕೆ ಒಂಬತ್ತು ಗೆದ್ದರೂ ಕರೆ ಬರಲಿಲ್ಲ: 1951ರ ಸ್ಯಾನ್ ಫ್ರಾನ್ಸಿಸ್ಕೋ ‘ಡಾನ್ಸ್’ ತಂಡದ ಕಥೆ

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಸಣ್ಣ ಕಾಲೇಜು ತಂಡ ಆಡಿದ 9 ಪಂದ್ಯಗಳನ್ನೂ ಗೆದ್ದಿತು. ಒಂದು ಸೋಲಿಲ್ಲ, ಒಂದು ಡ್ರಾ ಇಲ್ಲ. ಆದ್ರೂ ವರ್ಷದ ಕೊನೆಯ ದೊಡ್ಡ ಪಂದ್ಯಗಳಿಗೆ ಅವರನ್ನು ಯಾರೂ ಕರೀಲಿಲ್ಲ. ತಂಡದಲ್ಲಿ ಇಬ್ಬರು ಕಪ್ಪು ವರ್ಣದ ಹುಡುಗರಿದ್ದರು ಅನ್ನೋದೇ ಇದಕ್ಕೆ ಕಾರಣ ಅಂತ ಆ ತಂಡದವರು ಕೊನೆವರೆಗೂ ಹೇಳುತ್ತಾ ಬಂದರು.

ಮೊದಲೇ ಒಂದು ಮಾತು. ಇದು ನಾವು ಕಾಲಲ್ಲಿ ಒದ್ದು ಗೋಲ್ ಹೊಡೆಯೋ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡೋದು, ಎಸೆಯೋದು, ಎದುರಾಳಿಯನ್ನು ಹಿಡಿದು ಕೆಡವೋದು, ಇದು ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಸಾವಿರಾರು ಜನ ಟಿಕೆಟ್ ತಗೊಂಡು ಬರ್ತಾರೆ. ಸೀಸನ್ ಮುಗಿದ ಮೇಲೆ, ಹೊಸ ವರ್ಷದ ಹೊತ್ತಿಗೆ ‘ಬೌಲ್’ ಪಂದ್ಯಗಳು ನಡೆಯುತ್ತವೆ. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಓರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಹೀಗೆ. ಆಗ ಅರ್ಹತಾ ಸುತ್ತು ಅಂತೇನೂ ಇರಲಿಲ್ಲ. ಸಂಘಟಕರು ಕರೆದರೆ ಹೋಗಬೇಕು, ಕರೆದವರಿಗೆ ಒಳ್ಳೆ ದುಡ್ಡು.

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾಲಯ ಜೆಸ್ಯೂಟ್ ಪಾದ್ರಿಗಳು ನಡೆಸೋ ಸಂಸ್ಥೆ. ತಂಡದ ಹೆಸರು ಡಾನ್ಸ್, ಕೋಚ್ ಜೋ ಕುಹಾರಿಚ್. ಸೀಸನ್‌ಗೆ ಮುಂಚೆ ಹುಡುಗರನ್ನು ಕಾರ್ನಿಂಗ್ ಅನ್ನೋ ಬಿಸಿಲೂರಿಗೆ ಕರ್ಕೊಂಡು ಹೋಗಿ ಬೆವರಿಳಿಸಿದ್ದರು. ತಂಡದ ಪ್ರಚಾರ ನೋಡಿಕೊಳ್ಳುತ್ತಿದ್ದ ಹುಡುಗ ಪೀಟ್ ರೊಝೆಲ್. ಮುಂದೆ 1960ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಕಮಿಷನರ್ ಆದವನು ಇವನೇ.

ತಂಡದ ಜೀವಾಳ ಆಲಿ ಮ್ಯಾಟ್ಸನ್. ಆ ವರ್ಷ ಚೆಂಡು ಹಿಡಿದು ಓಡಿದ್ದರಲ್ಲಿ ಇಡೀ ದೇಶಕ್ಕೇ ಮೊದಲಿಗ: 1,566 ಗಜ, 21 ಟಚ್‌ಡೌನ್. ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ಗೆ ಹೋಗಿ ಫೋರ್ಡಂ ತಂಡವನ್ನು 32-26ರಿಂದ ಸೋಲಿಸಿದ ಪಂದ್ಯದಲ್ಲಿ ಎದುರಾಳಿ ಒದ್ದ ಚೆಂಡನ್ನು ಹಿಡಿದು ಎರಡು ಸಲ ಮೈದಾನದ ಆ ತುದಿವರೆಗೂ ಓಡಿಬಿಟ್ಟ. ಅವನ ಜೊತೆಗಾರ ಬರ್ಲ್ ಟೋಲರ್, ರಕ್ಷಣೆಯಲ್ಲಿ ಗಟ್ಟಿ ಆಳು. ಇಬ್ಬರೂ ಮೊದಲು ಅದೇ ಊರಿನ ಸಿಟಿ ಕಾಲೇಜಿನಲ್ಲಿ ಆಡಿ ಬಂದವರು, ಇಬ್ಬರೂ ಕಪ್ಪು ವರ್ಣೀಯರು. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಹೋರಾಡಿ ಬಂದ ಜಿನೊ ಮಾರ್ಚೆಟ್ಟಿ, ಆರೂವರೆ ಅಡಿಗಿಂತ ಎತ್ತರದ ಬಾಬ್ ಸೇಂಟ್ ಕ್ಲೇರ್ ಕೂಡ ಇದೇ ತಂಡದಲ್ಲಿದ್ದರು.

ಸ್ಯಾನ್ ಹೋಸೆ ಸ್ಟೇಟ್ ತಂಡವನ್ನು ಎರಡು ಸಲ ಸೋಲಿಸಿದರು. ನವೆಂಬರ್‌ನಲ್ಲಿ ಬಲವಾದ ಕಾಲೇಜ್ ಆಫ್ ಪೆಸಿಫಿಕ್ ಮೇಲೆ 47-14. ಕೊನೆಯದಾಗಿ ಲಯೋಲ ವಿರುದ್ಧ 20-2. ದೇಶದ ಪಟ್ಟಿಯಲ್ಲಿ 14ನೇ ಸ್ಥಾನ ಸಿಕ್ಕಿತು.

ಬೌಲ್ ಆಹ್ವಾನಕ್ಕೆ ಕಾಯ್ತಾ ಇದ್ದ ಹುಡುಗರಿಗೆ ತಲುಪಿದ ಸುದ್ದಿ ಬೇರೆಯೇ ಆಗಿತ್ತು. ಆಟಗಾರರು ಮುಂದೆ ಹೇಳಿಕೊಂಡಂತೆ, ಮ್ಯಾಟ್ಸನ್ ಮತ್ತು ಟೋಲರ್ ಇಬ್ಬರನ್ನು ಮನೆಯಲ್ಲಿ ಬಿಟ್ಟು ಬಂದರೆ ದಕ್ಷಿಣದ ಬೌಲ್‌ನಲ್ಲಿ ಆಡಬಹುದು ಅನ್ನೋ ಷರತ್ತು ಅದು. ದಕ್ಷಿಣದ ರಾಜ್ಯಗಳಲ್ಲಿ ಆಗ ಬಿಳಿಯರಿಗೆ, ಕರಿಯರಿಗೆ ಶಾಲೆ, ಬಸ್ಸು, ಹೋಟೆಲ್ಲು ಎಲ್ಲಾ ಬೇರೆ ಬೇರೆ. ತಂಡದವರು ಇದನ್ನು ಚರ್ಚೆಗೇ ತೆಗೆದುಕೊಳ್ಳಲಿಲ್ಲ. ಹೋದರೆ ಎಲ್ಲರೂ, ಇಲ್ಲಾಂದ್ರೆ ಯಾರೂ ಬೇಡ ಅಂದುಬಿಟ್ಟರು. 1952ರ ಜನವರಿ 1ರಂದು ಆರೆಂಜ್ ಬೌಲ್‌ನಲ್ಲಿ ಆಡಿದ್ದು ಜಾರ್ಜಿಯಾ ಟೆಕ್ ಮತ್ತು ಬೇಲರ್.

ಇದಕ್ಕೆ ಇನ್ನೊಂದು ವಾದವೂ ಇದೆ. ಡಾನ್ಸ್ ಆಡಿದ ಎದುರಾಳಿಗಳೇ ದುರ್ಬಲ, ಅದರಲ್ಲಿ ಎರಡು ಸೇನಾ ನೆಲೆಗಳ ತಂಡಗಳು, ಹಾಗಾಗಿ ಕರೀಲಿಲ್ಲ ಅಂತ. ಎದುರಾಳಿಗಳ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆ ‘ದುರ್ಬಲ’ ಪಂದ್ಯಗಳ ತಂಡದಿಂದಲೇ ಮ್ಯಾಟ್ಸನ್, ಮಾರ್ಚೆಟ್ಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು. ಮೊದಲಿಬ್ಬರು 1972ರಲ್ಲಿ, ಸೇಂಟ್ ಕ್ಲೇರ್ 1990ರಲ್ಲಿ. ಆಡೋಕೆ ಬರದವರಂತೂ ಆಗಿರಲಿಲ್ಲ.

ನಿಜವಾದ ಪೆಟ್ಟು ಬಿದ್ದಿದ್ದು ದುಡ್ಡಿನ ಕಡೆಯಿಂದ. ತಂಡ ಆಗಲೇ ನಷ್ಟದಲ್ಲಿ ನಡೀತಿತ್ತು. ಊರಿನಲ್ಲೇ ವೃತ್ತಿಪರ ತಂಡ ಫಾರ್ಟಿನೈನರ್ಸ್ ಇದ್ದಿದ್ದರಿಂದ, ಅದೂ ಇದೇ ಕೆಝಾರ್ ಸ್ಟೇಡಿಯಂನಲ್ಲಿ ಆಡ್ತಿದ್ದರಿಂದ, ಕಾಲೇಜು ಹುಡುಗರ ಆಟಕ್ಕೆ ಜನ ಕಡಿಮೆ. ಬೌಲ್‌ನ ಹಣ ಬಂದಿದ್ದರೆ ಸ್ವಲ್ಪ ಕಾಲ ಉಸಿರಾಡಬಹುದಿತ್ತು. ಅದು ಬರಲಿಲ್ಲ, ಕಾಲೇಜು ಫುಟ್‌ಬಾಲನ್ನೇ ನಿಲ್ಲಿಸಿತು. ಒಂದೂ ಪಂದ್ಯ ಸೋಲದ ತಂಡಕ್ಕೆ ಮುಂದಿನ ವರ್ಷವೇ ಇಲ್ಲ! ಕೋಚ್ ಶಿಕಾಗೋ ಕಾರ್ಡಿನಲ್ಸ್‌ಗೆ ಹೋದರು. ಇನ್ನೂ ಕಾಲೇಜು ಆಟ ಬಾಕಿಯಿದ್ದ ಸೇಂಟ್ ಕ್ಲೇರ್ ಟಲ್ಸ ವಿಶ್ವವಿದ್ಯಾಲಯ ಸೇರಬೇಕಾಯಿತು.

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದ. 1959ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಅವನೊಬ್ಬನನ್ನು ಪಡೆಯೋಕೆ ಕಾರ್ಡಿನಲ್ಸ್‌ಗೆ ಒಂಬತ್ತು ಮಂದಿಯನ್ನು ಬಿಟ್ಟುಕೊಟ್ಟಿತು. ಆ ವ್ಯವಹಾರ ಕುದುರಿಸಿದ ರ‍್ಯಾಮ್ಸ್ ಮ್ಯಾನೇಜರ್ ಬೇರೆ ಯಾರೂ ಅಲ್ಲ, ಅದೇ ಪೀಟ್ ರೊಝೆಲ್.

ಟೋಲರ್ ಕಥೆ ಬೇರೆ. 1952ರ ಬೇಸಿಗೆಯಲ್ಲಿ ಕಾಲೇಜು ಆಲ್-ಸ್ಟಾರ್ ಪಂದ್ಯದಲ್ಲಿ ಮೊಣಕಾಲು ಹೋಯಿತು, ವೃತ್ತಿಪರ ಆಟ ಆಡಲೇ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇಷ್ಟ್ರಾಗಿ, ಆಮೇಲೆ ಪ್ರಿನ್ಸಿಪಾಲ್ ಆದರು. 1965ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಕಪ್ಪು ವರ್ಣೀಯ ಅಂಪೈರಿಂಗ್ ಅಧಿಕಾರಿಯಾಗಿ ಮೈದಾನಕ್ಕಿಳಿದರು. ಆಗ ಲೀಗ್‌ನ ಕಮಿಷನರ್ ಕೂಡ ರೊಝೆಲ್ಲೇ. 1980ರ ಸೂಪರ್ ಬೌಲ್‌ನಲ್ಲಿ ಪಟ್ಟೆ ಅಂಗಿ ಹಾಕ್ಕೊಂಡು ನಿಂತಿದ್ದ ಅಧಿಕಾರಿಗಳಲ್ಲಿ ಬರ್ಲ್ ಟೋಲರ್ ಕೂಡ ಒಬ್ಬರು.