ಕೈತಪ್ಪಿದ ಬಂದೂಕಿನ ಕಾನೂನು ಹೊಣೆ

ಪರವಾನಗಿ ಪಡೆದು ಇಟ್ಟುಕೊಂಡ ಬಂದೂಕು ಮಾರಾಟವಾಗಿ, ಕಳವಾಗಿ, ದುರಸ್ತಿಗೆ ಹೋಗಿ ಅಥವಾ ಒಡೆಯನ ಮರಣದಿಂದ ಬೇರೆಯವರ ವಶಕ್ಕೆ ಬಂದಾಗ ಉಳಿಯುವ ಹೊಣೆಯನ್ನು ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯೂ 2016ರ ನಿಯಮಗಳೂ ನಿರ್ಧರಿಸುತ್ತವೆ. ಪುಣೆ ಜಿಲ್ಲೆಯ ಪುರಂದರ ತಾಲೂಕಿನ ಸಾಸವಡದಲ್ಲಿ ಪರವಾನಗಿ ಹೊಂದಿದ ರೈತನಿಗೂ ಬೆಳಗಾವಿಯ ತೋಟದವನಿಗೂ ಕಾಯ್ದೆ ಒಂದೇ. ಬಂದೂಕು ಮನೆಯ ಹೊಸ್ತಿಲು ದಾಟಿದ ಗಳಿಗೆಗೆ ಹೊಣೆ ಮುಗಿಯಿತು ಎಂಬ ನಂಬಿಕೆ ವ್ಯಾಪಕವಾಗಿದೆ. ಕಾಯ್ದೆಯನ್ನು ಓದಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಬಂದೂಕು ಎಲ್ಲಿಗೆ ಹೋಯಿತೆಂಬುದು ಸರಕಾರಿ ದಾಖಲೆಗೆ ಸೇರಿದಾಗಲೇ ಒಡೆಯ ಹಗುರಾಗುತ್ತಾನೆ.

ಇದಕ್ಕೆ ಬಲವಾದ ಆಧಾರ 1972ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಗುಣವಂತಲಾಲ್ ಪ್ರಕರಣ. ಆಯುಧ ಇನ್ನೊಬ್ಬನ ಕೈಯಲ್ಲಿದ್ದರೂ, ಅದರ ಅರಿವು ಮತ್ತು ಅದರ ಮೇಲಿನ ಹಿಡಿತ ಮೊದಲಿನವನಿಗೆ ಉಳಿದಿದ್ದರೆ ಅದು ಅವನ ಸ್ವಾಧೀನದಲ್ಲೇ ಇದೆ ಎಂದು ನ್ಯಾಯಾಲಯ ಹೇಳಿತು. ನೆಂಟನಿಗೆ ಕೊಟ್ಟು, ಬೇಕಾದಾಗ ತರಿಸಿಕೊಳ್ಳುತ್ತೇನೆ ಎನ್ನುವವರು ಇದನ್ನು ಗಮನಿಸಬೇಕು. ಮಾರುವುದಕ್ಕೂ ಕ್ರಮವಿದೆ: ಕೊಳ್ಳುವವನ ಹೆಸರು, ವಿಳಾಸ ಸಹಿತ ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರಹದಲ್ಲಿ ತಿಳಿಸಿ, ಕನಿಷ್ಠ 45 ದಿನ ಕಾಯಬೇಕು. ಪಡೆಯುವವನಿಗೆ ಅರ್ಹತೆ ಇದೆಯೇ ಎಂದು ವಿಚಾರಿಸದೆ ಒಪ್ಪಿಸಿದರೆ 29ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ವಿನಾಯಿತಿಯೂ ಪರವಾನಗಿಯೂ ಇಲ್ಲದವನಿಗೆ ಕೋವಿ ಕೊಡಲು ಅದು ನೆರವಾಗದು.

ಕಳ್ಳ ಮಾಡಿದ ಅಪರಾಧಕ್ಕೆ ಕಳೆದುಕೊಂಡವನು ಏಕೆ ಹೊಣೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾಯ್ದೆಯೂ ಕಳ್ಳನ ಕೊಲೆಯನ್ನು ಒಡೆಯನ ತಲೆಗೆ ಕಟ್ಟುವುದಿಲ್ಲ. ಅದು ಕೇಳುವುದು ಒಡೆಯನ ಸ್ವಂತ ನಡತೆಯನ್ನು: ಸುರಕ್ಷಿತವಾಗಿ ಇಡುವೆನೆಂದು ಕೊಟ್ಟ ಮುಚ್ಚಳಿಕೆ ಪಾಲಿಸಿದನೇ, ಕಳವನ್ನು ತಡಮಾಡದೆ ತಿಳಿಸಿದನೇ? ಕೂಡಲೇ ವರದಿ ಮಾಡುವುದು ಪರವಾನಗಿಯ ಷರತ್ತು. ಷರತ್ತು ಮುರಿದರೆ 30ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ, 2000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತಿಳಿಸಿದರೆ ಪರವಾನಗಿಯೇ ಹೋದೀತು ಎಂಬ ಅಂಜಿಕೆ ಸುಳ್ಳಲ್ಲ, ಏಕೆಂದರೆ 17ನೇ ಕಲಮು ರದ್ದು ಮಾಡುವ ಅಧಿಕಾರ ಕೊಟ್ಟಿದೆ. ತಕ್ಷಣ ತಿಳಿಸಿದವನಿಗೂ ಮುಚ್ಚಿಟ್ಟವನಿಗೂ ಅಂತರವನ್ನು ಕಾಯ್ದೆ ಇನ್ನಷ್ಟು ಸ್ಪಷ್ಟವಾಗಿ ಹೇಳಬೇಕಿತ್ತು. ಆದರೂ ಮುಚ್ಚಿಟ್ಟವನ ಸ್ಥಿತಿ ಹೆಚ್ಚು ಕೆಟ್ಟದ್ದು: ಬಂದೂಕು ಅಪರಾಧದ ಸ್ಥಳದಲ್ಲಿ ಸಿಕ್ಕಿದರೆ ಅದರ ಮೇಲಿನ ಸಂಖ್ಯೆ ಅವನ ಹೆಸರನ್ನೇ ತೋರಿಸುತ್ತದೆ, ಅವನ ಪರವಾಗಿ ಒಂದು ಕಾಗದವೂ ಇರುವುದಿಲ್ಲ.

ಹೆಚ್ಚು ಜನ ಎಡವುವುದು ಮರಣದ ಸಂದರ್ಭದಲ್ಲಿ. ಒಡೆಯ ತೀರಿಕೊಂಡ ದಿನದಿಂದ ಅವನ ಪರವಾನಗಿ ಮನೆಯವರಿಗೆ ರಕ್ಷಣೆ ಕೊಡುವುದಿಲ್ಲ. ಅಪ್ಪನ ನೆನಪೆಂದು ಅಟ್ಟದಲ್ಲಿ ಇಟ್ಟ ಬಂದೂಕು ಮಗನ ಅಕ್ರಮ ಸ್ವಾಧೀನವಾಗುತ್ತದೆ. 21ನೇ ಕಲಮಿನ ಪ್ರಕಾರ ಅದನ್ನು ಅನಗತ್ಯ ವಿಳಂಬವಿಲ್ಲದೆ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ವಾರಸುದಾರ ತನ್ನ ಹೆಸರಿಗೆ ಪರವಾನಗಿ ಪಡೆದು ಹಿಂಪಡೆಯಬಹುದು, ಅರ್ಹನಿಗೆ ಮಾರಲೂಬಹುದು. ನಿಗದಿತ ಅವಧಿಯಲ್ಲಿ ಎರಡೂ ಆಗದಿದ್ದರೆ ಜಿಲ್ಲಾಧಿಕಾರಿಯ ಆದೇಶದಿಂದ ಬಂದೂಕು ಸರಕಾರಕ್ಕೆ ಮುಟ್ಟುಗೋಲಾಗುತ್ತದೆ. ಠೇವಣಿ ಇಡುವಾಗ ಬಂದೂಕಿನ ಸಂಖ್ಯೆ, ದಿನಾಂಕ, ಮೊಹರು ಇರುವ ರಸೀದಿ ಕೇಳಿ ಪಡೆದು, ಮನೆಪತ್ರಗಳ ಜೊತೆಗೇ ಇಟ್ಟುಕೊಳ್ಳಿ.